ದೊಡ್ಡ ಮನೆ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ: ಹುಬ್ಬಳ್ಳಿ-ಧಾರವಾಡ ಸೀಮೆಯವರಿಗೊಂದು ಕೈಪಿಡಿ

ದೊಡ್ಡ ಬಂಗಲೆ ಕೊಳ್ಳಲು ಹೊರಟವರು ಬೆಲೆಯ ವಿಷಯದಲ್ಲಿ ತಿಂಗಳುಗಟ್ಟಲೆ ಚೌಕಾಸಿ ಮಾಡುತ್ತಾರೆ, ಆದರೆ ಆ ಮನೆ ವರ್ಷಕ್ಕೆ ಎಷ್ಟು ತಿನ್ನುತ್ತದೆ ಎಂದು ಕೇಳುವವರು ಕಡಿಮೆ. ಆ ಲೆಕ್ಕವನ್ನು ಕಾಗದದ ಮೇಲೆ ಇಳಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ. ಮೊದಲು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ತಿಂಗಳಿಗೆ ಬರುವ ಖರ್ಚು, ವರ್ಷಕ್ಕೆ ಬರುವ ಖರ್ಚು, ಹಲವು ವರ್ಷಗಳಿಗೊಮ್ಮೆ ಬರುವ ಖರ್ಚು. ಮೊದಲೆರಡನ್ನು ಹೇಗೋ ಎಲ್ಲರೂ ನಿಭಾಯಿಸುತ್ತಾರೆ. ಮನೆಯವರನ್ನು ಸಾಲಕ್ಕೆ ನೂಕುವುದು ಮೂರನೆಯದು. ಉದಾಹರಣೆಗೆ 80 ಅಡಿ ಉದ್ದ, 60 ಅಡಿ ಅಗಲದ, ಎರಡು ಅಂತಸ್ತಿನ, ಒಟ್ಟು 9,600 ಚದರ ಅಡಿಯ ಮನೆಯೊಂದನ್ನು ಇಟ್ಟುಕೊಳ್ಳೋಣ.

ಖರೀದಿಯ ದಿನದ ಖರ್ಚನ್ನು ಬೇಗ ಮುಗಿಸಿಬಿಡಬಹುದು. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಬೇರೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಮೂರು ಕೋಟಿಯ ಮನೆಗೆ ಈ ಎರಡು ಶುಲ್ಕಗಳೇ 21 ಲಕ್ಷ, ಸೆಸ್ ಮತ್ತು ಸರ್ಚಾರ್ಜ್ ಸೇರಿದರೆ ಅದನ್ನೂ ದಾಟುತ್ತದೆ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1ರಷ್ಟನ್ನು ಟಿಡಿಎಸ್ ಎಂದು ಹಿಡಿದು ಸರಕಾರಕ್ಕೆ ತುಂಬುವ ಹೊಣೆ ಕೊಳ್ಳುವವರದು. ಮರೆತರೆ ಬಡ್ಡಿಯೂ ಅವರ ತಲೆಗೇ ಬರುತ್ತದೆ.

ಇನ್ನು ನಿಜವಾದ ವಿಷಯ, ಅಂದರೆ ನೆಲ. ಈಜುಕೊಳ, ಹೋಮ್ ಥಿಯೇಟರ್‌ಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಮನೆ ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿದೆಯೋ ಮಸಾರಿ (ಕೆಂಪು ಮಣ್ಣಿನ) ಭೂಮಿಯಲ್ಲಿದೆಯೋ ಎಂಬುದು. ಧಾರವಾಡದ ಪಶ್ಚಿಮದ ಕಡೆ ಕೆಂಪು ಮಣ್ಣು ಸಿಗುತ್ತದೆ. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗದ ಕಡೆಗೆ ಹೋದಂತೆ ಎರೆ ಮಣ್ಣು ಹೆಚ್ಚುತ್ತದೆ. ಹತ್ತಿ, ಕಡಲೆ, ಬಿಳಿಜೋಳಕ್ಕೆ ಹೇಳಿ ಮಾಡಿಸಿದ ಈ ಮಣ್ಣು ಕಟ್ಟಡಕ್ಕೆ ಮಾತ್ರ ಒಳ್ಳೆಯದಲ್ಲ, ಏಕೆಂದರೆ ನೀರು ಕುಡಿದಾಗ ಅದು ಉಬ್ಬಿ ಪಾಯವನ್ನು ಎತ್ತುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಟ್ಟು ಪಾಯದ ಅಡಿಯ ಆಧಾರವನ್ನೇ ಕಳೆಯುತ್ತದೆ. ಚಿಕ್ಕ ಮನೆಯ ಅಡಿಯಲ್ಲಿ ಮಣ್ಣು ಹೆಚ್ಚುಕಡಿಮೆ ಒಂದೇ ರೀತಿ ಏರಿಳಿಯಬಹುದು. 80 ಅಡಿ ಉದ್ದದ ಮನೆಯಲ್ಲಿ ಒಂದು ತುದಿ ಹುಲ್ಲುಹಾಸಿನ ನೀರಿನಿಂದ ಒದ್ದೆಯಾಗಿ, ಇನ್ನೊಂದು ತುದಿ ಬಿಸಿಲಿಗೆ ಒಣಗಿ, ನಡುವೆ ಗೋಡೆ ಸೀಳುತ್ತದೆ.

ಆದ್ದರಿಂದ ಮನೆಯನ್ನು ಎರಡು ಸಲ ನೋಡಿ: ಒಮ್ಮೆ ಮೇ ತಿಂಗಳ ಬಿಸಿಲಿನಲ್ಲಿ, ಇನ್ನೊಮ್ಮೆ ಮಳೆ ಹಿಡಿದ ಮೇಲೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಏರುವ ಬಿರುಕು, ಇಟ್ಟಿಗೆಯ ಸಾಲುಗಳ ನಡುವೆ ಮೆಟ್ಟಿಲಿನಂತೆ ಹತ್ತುವ ಬಿರುಕು, ಚೌಕಟ್ಟಿಗೆ ಸಿಕ್ಕಿ ಮುಚ್ಚದ ಬಾಗಿಲು, ಇವು ನೆಲದ ಗುರುತುಗಳು. ಹೊಸ ಬಣ್ಣ ಬಳಿದ ಮನೆಯಲ್ಲಿ ಗೋಡೆಗೆ ಪಕ್ಕದಿಂದ ಟಾರ್ಚ್ ಹಿಡಿದು ನೋಡಿದರೆ ಪುಟ್ಟಿ ತುಂಬಿದ ಗೆರೆ ಎದ್ದು ಕಾಣುತ್ತದೆ. ಬಿರುಕು ನಿಂತಿದೆಯೋ ಇನ್ನೂ ಚಲಿಸುತ್ತಿದೆಯೋ ಎಂದು ತಿಳಿಯಲು ಅನುಭವಸ್ಥ ಗೌಂಡಿಗಳು ಅದರ ಮೇಲೆ ತೆಳುವಾದ ಗಾಜಿನ ಪಟ್ಟಿಯನ್ನು ಅಡ್ಡಲಾಗಿ ಸಿಮೆಂಟಿನಿಂದ ಕೂರಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿಡುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಮಾರುವವರು ಒಪ್ಪಿದರೆ ಕರಾರಿಗೂ ಖರೀದಿಗೂ ನಡುವಿನ ಅವಧಿಯಲ್ಲಿ ಈ ಪರೀಕ್ಷೆ ಮಾಡಿಸಿ. ಹೊಸದಾಗಿ ಕಟ್ಟಿಸುವವರು ಮಣ್ಣಿನ ಪರೀಕ್ಷೆಗೆ ಹಣ ಉಳಿಸಬಾರದು. ಎರೆ ಭೂಮಿಗೆ ಅಂಡರ್‌ರೀಮ್ಡ್ ಪೈಲ್ ಎಂಬ, ತುದಿಯಲ್ಲಿ ಗುಂಡಾಗಿ ಅಗಲಿಸಿದ ಕಂಬಗಳ ಪಾಯ ಇದ್ದೇ ಇದೆ. ಕಟ್ಟಿದ ಮನೆಯಾದರೆ ಸುತ್ತಲೂ ಮೂರಡಿಯಾದರೂ ಅಗಲದ ಕಾಂಕ್ರೀಟ್ ಏಪ್ರನ್ ಹಾಕಿಸಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಿಸಿ, ಹುಲ್ಲುಹಾಸನ್ನು ಗೋಡೆಯಿಂದ ದೂರವಿಡಿ. ಈ ಒಂದು ಕೆಲಸಕ್ಕೆ ಹಾಕಿದ ಹಣ ಮುಂದೆ ಗೋಡೆಗಳ ಮೇಲೆ ಹಾಕಬೇಕಾದ ಹಣವನ್ನು ಉಳಿಸುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಎರಡನೆಯದು ನೀರು. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿ ಬಳಿಯ ರೇಣುಕಾಸಾಗರದಿಂದ ಬರುತ್ತದೆ; ದಿನದ 24 ಗಂಟೆ ನೀರಿನ ಯೋಜನೆ ಕೆಲವು ವಾರ್ಡುಗಳಲ್ಲಿ 2008ರಲ್ಲೇ ಆರಂಭವಾದರೂ, ದಿನಗಳ ಅಂತರದಲ್ಲಿ ನಳ ಬರುವ ಬಡಾವಣೆಗಳು ಇನ್ನೂ ಇವೆ. ಅಂಥ ಕಡೆ ದೊಡ್ಡ ಮನೆ ಎಂದರೆ ದೊಡ್ಡ ಸಂಪು, ಬೋರ್‌ವೆಲ್, ಮೋಟಾರು ಮತ್ತು ಟ್ಯಾಂಕರ್. ಲೆಕ್ಕ ಹೀಗೆ ಹಾಕಿ: 5,000 ಚದರ ಅಡಿಯ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಎಂದರೂ ಸುಮಾರು 2,300 ಲೀಟರ್ ಬೇಕು, ಅಂದರೆ 5,000 ಲೀಟರಿನ ಟ್ಯಾಂಕರ್ ಎರಡು ದಿನಕ್ಕೊಂದು. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಈಜುಕೊಳ ತುಂಬಲು 75,000 ಲೀಟರ್, ಅಂದರೆ ಅಂಥ 15 ಟ್ಯಾಂಕರ್. ಮೇಲಾಗಿ ಏಪ್ರಿಲ್-ಮೇನಲ್ಲಿ ಆವಿಯಾಗುವ ನೀರನ್ನು ದಿನವೂ ತುಂಬುತ್ತಿರಬೇಕು, ಕ್ಲೋರಿನ್ ಮತ್ತು ಪಂಪಿನ ವಿದ್ಯುತ್ತು ಬೇರೆ. ನೀರಿನ ಅಭಾವದ ಈ ಸೀಮೆಯಲ್ಲಿ ಈಜುಕೊಳ ಬೇಡವೆಂದೇ ನನ್ನ ಸಲಹೆ. ಅದೇ ಹಣದಲ್ಲಿ ಮಳೆನೀರಿನ ಸಂಪು ಕಟ್ಟಿಸಬಹುದು. ನಮ್ಮ ಉದಾಹರಣೆಯ ಮನೆಯ 4,800 ಚದರ ಅಡಿ ಮಾಳಿಗೆಯ (ಛಾವಣಿಯ) ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು ಸಿಗುತ್ತದೆ.

ಬೋರ್‌ವೆಲ್ಲಿನ ಗಡುಸು ನೀರಿನ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ. ಗೀಸರಿನ ಕಾಯಿಲ್ ಮೇಲೆ ಬಿಳಿಯ ಸುಣ್ಣ ಪದರಗಟ್ಟುತ್ತದೆ, ಶವರಿನ ರಂಧ್ರ ಮುಚ್ಚುತ್ತವೆ, ದುಬಾರಿ ನಳಗಳು ಮಾಸುತ್ತವೆ. ಎಂಟು ಬಚ್ಚಲಿನ ಮನೆಯಲ್ಲಿ ಇದನ್ನು ಎಂಟರಿಂದ ಗುಣಿಸಿ. ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಹಾಕಿಸಿದರೆ ಅದಕ್ಕೆ ನಿಯಮಿತವಾಗಿ ಉಪ್ಪು ಬೇಕು. ಗದಗ ಜಿಲ್ಲೆಯಲ್ಲಿ ಕೊಳ್ಳುವವರು ಇನ್ನೊಂದು ಮಾತನ್ನು ಗಮನಿಸಬೇಕು: ಅಲ್ಲಿ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಅದನ್ನು ಸಾಫ್ಟ್‌ನರ್ ತೆಗೆಯುವುದಿಲ್ಲ, ಕುಡಿಯುವ ನೀರಿಗೆ ಆರ್.ಓ. ಬೇಕು, ಅದರ ಮೆಂಬ್ರೇನನ್ನು ಕಾಲಕಾಲಕ್ಕೆ ಬದಲಿಸಬೇಕು.

ಮಾಳಿಗೆಯ ಖರ್ಚು ಮನೆಯ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ. ಧಾರವಾಡದ ಮಾಳಮಡ್ಡಿಯಲ್ಲಿರುವಂಥ ಹಳೆಯ ಮಂಗಳೂರು ಹಂಚಿನ ಮನೆಯಾದರೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕು, ಒಡೆದವನ್ನು ಬದಲಿಸಬೇಕು, ರೀಪು ಪಕಾಸಿಗಳಿಗೆ ಗೆದ್ದಲು ಹತ್ತಿದೆಯೇ ಎಂದು ತಟ್ಟಿ ನೋಡಬೇಕು. ಹಳ್ಳಿಯ ದೇಸಾಯರ ವಾಡೆಯನ್ನು ಕೊಂಡು ಉಳಿಸಬೇಕೆಂಬ ಹಂಬಲವುಳ್ಳವರನ್ನು ಕಂಡರೆ ನನಗೆ ಗೌರವವಿದೆ; ಆದರೆ ಮಣ್ಣಿನ ಮಾಳಿಗೆಗೆ ಸವಳು ಮಣ್ಣು ಹಾಕಿ ಬಡಿದು ಇಳಿಜಾರು ಕೂರಿಸಬಲ್ಲ ಕೈಗಳು ಈಗ ವಿರಳವಾಗಿವೆ. ಅಂಥ ಒಬ್ಬ ಕೆಲಸಗಾರನನ್ನು ಗೊತ್ತು ಮಾಡಿಕೊಂಡ ಮೇಲೆಯೇ ವಾಡೆಗೆ ಮುಂಗಡ ಕೊಡಿ. ಸಾಗವಾನಿ ಕಂಬಗಳು ನೂರು ವರ್ಷ ನಿಲ್ಲಬಹುದು, ಆದರೆ ಮಾಳಿಗೆ ಸೋರಿ ತೊಲೆಯ ತುದಿ ಗೋಡೆಯೊಳಗೆ ಕೊಳೆತರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಕಾಂಕ್ರೀಟ್ ಮಾಳಿಗೆಯಾದರೆ ಜಲನಿರೋಧಕ ಪದರಕ್ಕೂ ಒಂದು ಆಯುಷ್ಯವಿದೆ, ಅದು ಮೂರನೆಯ ಕಾಲಂಗೆ ಸೇರಲಿ.

ಒಳಗಿನ ಅಲಂಕಾರದಲ್ಲಿ ಹಣ ತಿನ್ನುವುದು ಇಟಾಲಿಯನ್ ಮಾರ್ಬಲ್. ಅದು ಸುಣ್ಣಕಲ್ಲಿನ ಜಾತಿಯದಾದ್ದರಿಂದ ಲಿಂಬಿರಸ, ಹುಣಸೆನೀರು, ಮಜ್ಜಿಗೆ ಬಿದ್ದ ಕಡೆ ಹೊಳಪು ಹೋಗಿ ಕಲೆಯಾಗುತ್ತದೆ. ದೇವರ ಕೋಣೆಯ ಅರಿಷಿಣ, ಕುಂಕುಮ, ಎಣ್ಣೆಯನ್ನೂ ಅದು ಹೀರಿಕೊಳ್ಳುತ್ತದೆ. ಕೆಲವು ವರ್ಷಕ್ಕೊಮ್ಮೆ ಯಂತ್ರದಿಂದ ಮತ್ತೆ ಪಾಲಿಶ್ ಮಾಡಿಸಬೇಕು. ಅಡುಗೆಮನೆಗೂ ದೇವರ ಕೋಣೆಗೂ ಇಳಕಲ್ಲಿನ ಗ್ರಾನೈಟ್, ಹಿತ್ತಿಲಿಗೆ ಶಹಾಬಾದ್ ಫರಸಿ ಹಾಕಿದರೆ ಈ ತಲೆನೋವೇ ಇಲ್ಲ. ಎರಡಂತಸ್ತಿನ ಎತ್ತರದ ಹಾಲ್ ನೋಡಲು ಚೆಂದ, ಆದರೆ ಅದರ ಒಂದು ಬಲ್ಬ್ ಬದಲಿಸಲು, ಜೇಡರ ಬಲೆ ತೆಗೆಯಲು ಅಟ್ಟಣಿಗೆ ಕಟ್ಟುವವರನ್ನೇ ಕರೆಸಬೇಕಾಗುತ್ತದೆ.

ವಿದ್ಯುತ್ತಿನಲ್ಲಿ ಬಳಕೆಯ ಬಿಲ್ಲಿಗಿಂತ ನಿಗದಿತ ಶುಲ್ಕವನ್ನು ಮೊದಲು ನೋಡಿ. ಹೆಸ್ಕಾಂ ಅದನ್ನು ಮಂಜೂರಾದ ಕಿಲೋವ್ಯಾಟಿನ ಲೆಕ್ಕದಲ್ಲಿ ಹಾಕುತ್ತದೆ, ಮನೆಗೆ ಬೀಗ ಹಾಕಿದ್ದರೂ ಅದು ಬರುತ್ತದೆ. ಹಿಂದಿನ ಮಾಲೀಕರು 25 ಕಿಲೋವ್ಯಾಟ್ ಪಡೆದಿದ್ದು ನಿಮಗೆ 12 ಸಾಕೆನಿಸಿದರೆ ಲೋಡ್ ಇಳಿಸಲು ಅರ್ಜಿ ಕೊಡಿ. ತಿಂಗಳಿಗೆ 200 ಯೂನಿಟ್ ದಾಟುವ ಮನೆಗೆ ಗೃಹಜ್ಯೋತಿ ಅನ್ವಯಿಸುವುದಿಲ್ಲ. ಸೌರ ಫಲಕಗಳಿಗೆ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ ಸಿಗುವ ಸಬ್ಸಿಡಿ 78,000 ರೂಪಾಯಿಗೆ ನಿಲ್ಲುತ್ತದೆ, ಎಷ್ಟೇ ದೊಡ್ಡದು ಹಾಕಿಸಿದರೂ ಅಷ್ಟೇ. ಲಿಫ್ಟ್ ಇದ್ದರೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇದೆಯೇ, ವಾರ್ಷಿಕ ನಿರ್ವಹಣಾ ಒಪ್ಪಂದ ಚಾಲ್ತಿಯಲ್ಲಿದೆಯೇ ಎಂದು ಕೇಳಿ. ಇನ್ವರ್ಟರ್ ಬ್ಯಾಟರಿ, ಜನರೇಟರ್, ಸಿಸಿಟಿವಿಗಳಿಗೂ ಆಯುಷ್ಯದ ಮಿತಿಯಿದೆ.

ಆಳುಗಳ ವಿಷಯದಲ್ಲಿ ಸಂಬಳ ಮಾತ್ರ ಬರೆದು ಸುಮ್ಮನಾಗಬೇಡಿ. ಕಾವಲುಗಾರ, ಮಾಲಿ, ಅಡುಗೆಯವರು, ಕಸಮುಸುರೆಯವರು, ಇವರ ದೀಪಾವಳಿಯ ಬೋನಸ್ಸು, ರಜೆಯಲ್ಲಿ ಬದಲಿಯವರ ಕೂಲಿ, ಕಷ್ಟಕ್ಕೆ ಕೊಡುವ ಮುಂಗಡ, ಆಸ್ಪತ್ರೆಯ ಖರ್ಚು ಎಲ್ಲ ನಮ್ಮ ಹೊಣೆಯೇ. ಮನೆ ನಡೆಯುವುದು ಅವರ ಕೈಯಿಂದ. ಖರ್ಚು ಕಡಿಮೆ ಮಾಡಬೇಕಾದಾಗ ಅವರ ಸಂಬಳಕ್ಕೆ ಕೈ ಹಾಕುವುದು ತಪ್ಪು.

ಮಹಾನಗರ ಪಾಲಿಕೆಯ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ. ದೊಡ್ಡ ಮನೆಗೆ ಅದು ಬಿಡಬಾರದ ಮೊತ್ತ. ವಿಮೆಯಲ್ಲಿ ಜಾಗದ ಬೆಲೆಯನ್ನು ಬಿಟ್ಟು ಮತ್ತೆ ಕಟ್ಟಲು ತಗಲುವ ವೆಚ್ಚಕ್ಕೆ ಮಾತ್ರ ಪಾಲಿಸಿ ಮಾಡಿಸಿ. 2021ರ ಏಪ್ರಿಲ್‌ನಿಂದ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಮನೆಯೊಳಗಿನ ಸಾಮಾನಿಗೆ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ ತಾನಾಗಿಯೇ ರಕ್ಷಣೆ ಬರುತ್ತದೆ. ದೊಡ್ಡ ಮನೆಗೆ ಅದು ಸಾಲದು, ಹೆಚ್ಚಿನದನ್ನು ಪಟ್ಟಿ ಮಾಡಿ ಸೇರಿಸಬೇಕು.

ಈಗ ಮೂರನೆಯ ಕಾಲಂ. ಪ್ರತಿ ವಸ್ತುವನ್ನು ಬದಲಿಸುವ ವೆಚ್ಚವನ್ನು ಅದರ ಆಯುಷ್ಯದ ವರ್ಷಗಳಿಂದ ಭಾಗಿಸಿ ವರ್ಷದ ಪಾಲು ತೆಗೆಯಿರಿ. ನಮ್ಮ ಮನೆಯ ಹೊರಗೋಡೆ 280 ಅಡಿ ಸುತ್ತಳತೆ, 22 ಅಡಿ ಎತ್ತರ, ಅಂದರೆ 6,160 ಚದರ ಅಡಿ. ಚದರ ಅಡಿಗೆ 25 ರೂಪಾಯಿ ಎಂದು ಹಿಡಿದರೆ ಬಣ್ಣಕ್ಕೆ 1,54,000. ಆರು ವರ್ಷಕ್ಕೊಮ್ಮೆ ಎಂದರೆ ವರ್ಷದ ಪಾಲು ಸುಮಾರು 25,700. ದರ ನಿಮ್ಮ ಊರಿನದನ್ನು ಹಾಕಿಕೊಳ್ಳಿ. ಮಳೆಗಾಳಿಗೆ ಮೈಯೊಡ್ಡಿದ ಪಡುವಣ ಗೋಡೆ ಉಳಿದವಕ್ಕಿಂತ ಬೇಗ ಬಣ್ಣ ಬೇಡುತ್ತದೆ ಎಂಬುದೂ ನೆನಪಿರಲಿ. ಒಳಗೋಡೆ, ಲಿಫ್ಟ್, ಮೋಟಾರು, ಬ್ಯಾಟರಿ, ಜಲನಿರೋಧಕ ಎಲ್ಲವನ್ನೂ ಹೀಗೆಯೇ ಕೂಡಿಸಿದಾಗ ಬರುವ ಮೊತ್ತವನ್ನು ಬೇರೊಂದು ಖಾತೆಗೆ ಪ್ರತಿ ತಿಂಗಳು ಕಟ್ಟುತ್ತ ಬನ್ನಿ. ಕಟ್ಟಡದ ವೆಚ್ಚದ ಶೇ. 1 ಸಾಕು ಎಂಬ ರೂಢಿಯ ಮಾತಿದೆ; ಎರೆ ಭೂಮಿಯ ಮನೆಗೆ ಅದು ಕಡಿಮೆಯೆಂದು ನನ್ನ ಅಭಿಪ್ರಾಯ. ಈ ಹಾಳೆಯನ್ನು ಮುಂದಿಟ್ಟುಕೊಂಡೇ ಬೆಲೆಯ ಮಾತಿಗೆ ಕೂಡಿರಿ, ಏಕೆಂದರೆ ಸೋರುವ ಮಾಳಿಗೆಯ ಮತ್ತು ಮುದಿ ಲಿಫ್ಟಿನ ಬಾಬತ್ತು ಬೆಲೆಯಲ್ಲಿ ಇಳಿಯಬೇಕಾದದ್ದು ನ್ಯಾಯ.

ಹಿರಿಯರಿಂದ ಬಂದ ಮನೆಯಾದರೆ ಇನ್ನೂ ಒಂದು ಕಾಗದ ಬೇಕು. ಸಿಟಿ ಸರ್ವೆ ಉತಾರದಲ್ಲಿ (ಆಸ್ತಿಯ ಸರಕಾರಿ ದಾಖಲೆಯಲ್ಲಿ) ನಾಲ್ಕು ಜನರ ಹೆಸರಿದ್ದು, ಮೂವರು ಪುಣೆ-ಬೆಂಗಳೂರಿನಲ್ಲಿದ್ದು, ಒಬ್ಬರೇ ಮನೆಯಲ್ಲಿ ಉಳಿದಿರುವ ಕುಟುಂಬಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅಲ್ಲಿ ದುರಸ್ತಿಯ ಹಣವೆಲ್ಲ ಉಳಿದವರೊಬ್ಬರ ಮೇಲೆ ಬೀಳುತ್ತದೆ. ವಾಟ್ನಿ (ಆಸ್ತಿಯ ಪಾಲು ವಿಂಗಡಣೆ) ಆಗುವವರೆಗೆ ತೆರಿಗೆ, ವಿಮೆ, ಮಾಳಿಗೆ, ಬಣ್ಣ ಇವುಗಳಲ್ಲಿ ಯಾರ ಪಾಲು ಎಷ್ಟು, ಒಬ್ಬರು ಹಾಕಿದ ಹಣ ಮುಂದೆ ಹಂಚಿಕೆಯಲ್ಲಿ ಹೇಗೆ ಜಮೆಯಾಗಬೇಕು ಎಂಬುದನ್ನು ವಕೀಲರಿಂದ ಬರೆಸಿ ಎಲ್ಲರ ಸಹಿ ಹಾಕಿಸಿ, ಖರ್ಚಿನ ಪಾವತಿ ರಸೀದಿಗಳನ್ನು ಅದೇ ಫೈಲಿನಲ್ಲಿ ಇಡುತ್ತ ಹೋಗಿ.