ಐರಿಶ್ ಲೀಡರ್‌ಗಳ ಲಿಸ್ಟ್ ಮಾಡೋಕೆ ಹೋಗಿ ನಾನು ಪಟ್ಟ ಪಾಡು

ಡಬ್ಲಿನ್ನಿಗೆ ಬಂದ ಎರಡನೇ ವರ್ಷ ಆಫೀಸ್ ಕ್ವಿಜ್ ನಡೆಸೋ ಸರದಿ ನಂದಾಯ್ತು. ಐರ್ಲೆಂಡಲ್ಲಿ ಒಂದು ಪಾರ್ಟಿನ ಅತಿ ಹೆಚ್ಚು ಕಾಲ ನಡೆಸಿದ್ದು ಯಾರು ಅಂತ ಪ್ರಶ್ನೆ ಹಾಕಿ, ಉತ್ತರ ಡಿ ವಲೇರಾ ಅಂತ ಕಣ್ಮುಚ್ಕೊಂಡು ಬರ್ದಿಟ್ಟಿದ್ದೆ. 1926ರಲ್ಲಿ ಫೀಯನ ಫಾಯಿಲ್ ಅನ್ನೋ ಪಾರ್ಟಿ ಕಟ್ಟಿದ್ದೇ ಅವ್ರು, 1948ರಲ್ಲಿ ಒಂದ್ಸಲ 1954ರಲ್ಲಿ ಇನ್ನೊಂದ್ಸಲ ಸರ್ಕಾರ ಕೈಬಿಟ್ಟು ಹೋದ್ರೂ ಪಾರ್ಟಿ ಮಾತ್ರ 1959ರವರೆಗೂ ಅವ್ರ ಕೈಲೇ, ಆಮೇಲೆ ರಾಷ್ಟ್ರಪತಿ ಆಗಿ ಹೋದ್ರು. 33 ವರ್ಷ, ಇನ್ಯಾರು ಬರ್ತಾರೆ ಹತ್ರ?

ಯಾವುದಕ್ಕೂ ಇರ್ಲಿ ಅಂತ ಎಕ್ಸೆಲ್ ತೆಗ್ದೆ. ಒಂದು ಕಾಲಂ ಶುರು, ಇನ್ನೊಂದು ಮುಗಿದ ದಿನ, ಪಕ್ಕದಲ್ಲಿ ಕಳೆಯೋದು ಅಷ್ಟೇ. ಮೊದ್ಲು ಶಿನ್ ಫೇನ್ ಪಾರ್ಟಿಯ ಗೆರಿ ಆಡಮ್ಸ್ ಹಾಕ್ದೆ, 13-11-1983ರಿಂದ 10-02-2018, ಬಂತು ನೋಡಿ 12,508 ದಿನ, 34 ವರ್ಷದ ಮೇಲೆ! ಡಿ ವಲೇರಾ ಔಟ್.

ಹಳಬ್ರನ್ನೂ ಸೇರ್ಸೋಣ ಅಂತ 19ನೇ ಶತಮಾನದ ಐರಿಶ್ ಪಾರ್ಲಿಮೆಂಟರಿ ಪಾರ್ಟಿ ಲೀಡರ್ ಪಾರ್ನೆಲ್ ಹಾಕಿದ್ರೆ ಎರರ್. ಬೇರೆ ತಾರೀಕೆಲ್ಲ ಸೆಲ್‌ನ ಬಲಕ್ಕೆ ಅಂಟ್ಕೊಂಡಿವೆ, ಪಾರ್ನೆಲ್‌ದು ಮಾತ್ರ ಎಡಕ್ಕೆ. ಎಕ್ಸೆಲ್‌ಗೆ 1900ಕ್ಕಿಂತ ಹಿಂದೆ ಪ್ರಪಂಚನೇ ಇಲ್ವಂತೆ, ಅದನ್ನ ಬರೀ ಅಕ್ಷರ ಅಂದ್ಕೊಂಡಿದೆ. ಎರಡೂ ತಾರೀಕಿಗೆ 400 ವರ್ಷ ಕೂಡ್ಸಿ 1882ನ 2282 ಮಾಡ್ದೆ, ಕ್ಯಾಲೆಂಡರ್ 400 ವರ್ಷಕ್ಕೊಮ್ಮೆ ಹಂಗೇ ರಿಪೀಟ್ ಆಗೋದ್ರಿಂದ ಲೆಕ್ಕ ಸರಿ ಬರುತ್ತೆ. ಬಂದಿದ್ದು ಒಂಬತ್ತು ವರ್ಷ ಚಿಲ್ಲರೆ, ಬೆರಳಲ್ಲೇ ಎಣಿಸ್ಬಹುದಿತ್ತು.

ನಿಜವಾದ ತಲೆನೋವು ಆಮೇಲೆ. ಡಿ ವಲೇರಾ 1917ರಿಂದ 1926ರವರೆಗೆ ಶಿನ್ ಫೇನ್ ಅಧ್ಯಕ್ಷರೂ ಆಗಿದ್ರು, ಎರಡೂ ಸೇರ್ಸಿದ್ರೆ 40 ದಾಟುತ್ತೆ, ಆಡಮ್ಸ್ ಕೆಳಗೆ. ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡನ್ನೂ ಸೇರ್ಸಿ ಇಡೀ ದ್ವೀಪ ಲೆಕ್ಕಕ್ಕೆ ತಗೊಂಡ್ರೆ ಅಲ್ಲಿನ ಡಿಯುಪಿ ಪಾರ್ಟಿಯ ಇಯನ್ ಪೇಸ್ಲಿ, 1971ರಿಂದ 2008, ಒಂದೇ ಪಾರ್ಟಿ, ಸುಮಾರು 37 ವರ್ಷ. ಪಕ್ಕದ ಡೆಸ್ಕಿನ ಬೆಲ್‌ಫಾಸ್ಟ್ ಹುಡುಗನ್ನ ಕೇಳಿದ್ರೆ ಬಿದ್ದು ಬಿದ್ದು ನಕ್ಕ, ಬ್ರಿಟನ್ ಜೊತೆನೇ ಇರ್ಬೇಕು ಅಂತ ಜೀವನಪೂರ್ತಿ ಗಂಟಲು ಹರ್ಕೊಂಡ ಮನುಷ್ಯನ್ನ ಐರಿಶ್ ಲಿಸ್ಟಲ್ಲಿ ಮೊದಲ್ನೇ ಸ್ಥಾನಕ್ಕೆ ಕೂರಿಸ್ತೀಯಾ, ಧೈರ್ಯ ಇದ್ರೆ ಮಾಡು ಅಂದ.

ಧೈರ್ಯ ಇರ್ಲಿಲ್ಲ. "ರಿಪಬ್ಲಿಕ್‌ನ ಪಾರ್ಲಿಮೆಂಟಲ್ಲಿ ಸೀಟಿರೋ ಒಂದೇ ಪಾರ್ಟಿನ, ಬಿಡುವಿಲ್ದೆ" ಅಂತ ಬಾಲ ಸೇರ್ಸಿ ಉತ್ತರ ಆಡಮ್ಸ್ ಮಾಡ್ದೆ. ಆದ್ರೂ ಅರ್ಧ ಟೀಮ್ ಬರ್ದಿದ್ದು ಡಿ ವಲೇರಾ, ಎರಡು ಟೀಮ್ ಜಗಳಕ್ಕೇ ನಿಂತ್ವು. ಲೇಬರ್ ಪಾರ್ಟಿನ 1932ರಿಂದ 1960ರವರೆಗೆ 28 ವರ್ಷ ನಡೆಸಿದ ವಿಲಿಯಂ ನಾರ್ಟನ್ ಹೆಸ್ರು ಬೋನಸ್‌ಗೆ ಇಟ್ಟಿದ್ದೆ, ಅದನ್ನ ಮಾತ್ರ ಒಬ್ರೂ ಹೇಳ್ಲಿಲ್ಲ, ಐರಿಶ್‌ನೋರೂ ಸೇರಿ.