ಟೋಲ್ಕಿನ್ ಇಟ್ಟ ಲೆಕ್ಕ, ನನ್ನ ಕಥೆಗೆ ಪಂಚಾಂಗ

ಮಕ್ಕಳಿಗಾಗಿ ಒಂದು ಫ್ಯಾಂಟಸಿ ಕಾದಂಬರಿ ಬರೆಯಲು ಹೊರಟಾಗ ನಾನು ಗುರು ಎಂದು ಹಿಡಿದದ್ದು 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್ ಅವರನ್ನು. ಅವರ ಉಂಗುರ, ಡ್ರ್ಯಾಗನ್, ಮಾಂತ್ರಿಕ ನನಗೆ ಬೇಕಿರಲಿಲ್ಲ. ಅವನ್ನು ಎರವಲು ತಂದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಿದ್ದದ್ದು ಅವರು ಕೆಲಸ ಮಾಡಿದ ರೀತಿ. ಎಲ್ಲೂ ಇಲ್ಲದ ಒಂದು ನಾಡನ್ನು ಓದುವವರು ನಂಬುವ ಹಾಗೆ ಹೇಗೆ ಕಟ್ಟಿದರು? ಅವರ ಪತ್ರಗಳನ್ನು, ಕರಡುಗಳನ್ನು ಓದುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಅವರು ಲೆಕ್ಕ ಇಡುತ್ತಿದ್ದರು. ಇವತ್ತು ಎಷ್ಟು ಮೈಲಿ ನಡೆದರು, ರಾತ್ರಿ ಚಂದ್ರ ಎಷ್ಟು ಹೊತ್ತಿಗೆ ಬಂದ, ಅದೇ ಹೊತ್ತಿಗೆ ಇನ್ನೊಂದು ಗುಂಪು ಎಲ್ಲಿತ್ತು. ನಾನೂ ಹಾಗೇ ಲೆಕ್ಕ ಇಟ್ಟು ಬರೆದೆ.

ಅವರ ಬದುಕನ್ನು ನೋಡಿದರೆ ಈ ಅಭ್ಯಾಸ ಎಲ್ಲಿಂದ ಬಂತು ಎಂದು ಸ್ವಲ್ಪ ಅಂದಾಜಾಗುತ್ತದೆ. ಹುಟ್ಟಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೈನ್‌ನಲ್ಲಿ. ನಾಲ್ಕು ವರ್ಷಕ್ಕೆ ಅಪ್ಪ ಇಲ್ಲ, ಹನ್ನೆರಡಕ್ಕೆ ಅಮ್ಮನೂ ಇಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬ ಪಾದ್ರಿಯ ಆಸರೆಯಲ್ಲಿ ಬೆಳೆದರು. 1916ರಲ್ಲಿ ಎಡಿತ್ ಜೊತೆ ಮದುವೆ, ಅದಾದ ಕೆಲವೇ ತಿಂಗಳಲ್ಲಿ ಫ್ರಾನ್ಸಿನ ಸೋಮ್ ಯುದ್ಧಭೂಮಿ. ಅಲ್ಲಿ ಅವರು ಸಿಗ್ನಲ್ ಅಧಿಕಾರಿ. ಸಂದೇಶ ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾರು ಯಾವ ಕಂದಕದಲ್ಲಿದ್ದಾರೆ ಅನ್ನುವುದೇ ಅವರ ಕೆಲಸ. ಕಂದಕದ ಜ್ವರ ಬಂದು ನವೆಂಬರ್‌ನಲ್ಲಿ ವಾಪಸಾದರು. ಶಾಲೆಯಿಂದಲೂ ಜೊತೆಗಿದ್ದ ನಾಲ್ವರು ಗೆಳೆಯರ ಗುಂಪಿನಲ್ಲಿ ಇಬ್ಬರು ಅದೇ ವರ್ಷ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಸ್ವಲ್ಪ ಕಾಲ ಕೆಲಸ, ಆಮೇಲೆ ಲೀಡ್ಸ್‌ನಲ್ಲಿ ಪಾಠ, 1925ರಿಂದ 1959ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್. ಬರವಣಿಗೆ ನಡೆದದ್ದೆಲ್ಲ ಪಾಠ ಮತ್ತು ಪರೀಕ್ಷೆ ಪೇಪರ್ ತಿದ್ದುವ ಕೆಲಸದ ನಡುವೆಯೇ. 'ಹಾಬಿಟ್' ಕಥೆಯ ಮೊದಲ ವಾಕ್ಯ ಹುಟ್ಟಿದ್ದು ಕೂಡ ಯಾರೋ ವಿದ್ಯಾರ್ಥಿ ಖಾಲಿ ಬಿಟ್ಟಿದ್ದ ಉತ್ತರ ಪತ್ರಿಕೆಯ ಹಾಳೆಯ ಮೇಲೆ.

ನಾನು ಶುರು ಮಾಡಿದ್ದು ನಕ್ಷೆಯಿಂದ. 1954ರ ಒಂದು ಪತ್ರದಲ್ಲಿ ಟೋಲ್ಕಿನ್ ಹೇಳುತ್ತಾರೆ: ಮೊದಲು ನಕ್ಷೆ ಮಾಡಿಕೊಂಡೆ, ಕಥೆಯನ್ನು ಅದಕ್ಕೆ ಹೊಂದಿಸಿದೆ, ಉಲ್ಟಾ ಮಾಡಿದರೆ ಗೊಂದಲವೇ ಜಾಸ್ತಿ. 'ಲಾರ್ಡ್ ಆಫ್ ದಿ ರಿಂಗ್ಸ್' ಬರೆಯುವಾಗ ಅವರು ಬಳಸಿದ ನಕ್ಷೆ ಹಾಳೆಗೆ ಹಾಳೆ ಅಂಟಿಸಿ ಬೆಳೆಸಿದ್ದು. ಅದರಲ್ಲಿ ಚೌಕಗಳಿವೆ. ಒಂದೊಂದು ಚೌಕ 2 ಸೆಂಟಿಮೀಟರ್, ಅಂದರೆ 100 ಮೈಲಿ. ಕಥೆ ಮುಂದೆ ಹೋದ ಹಾಗೆ ಹಳೆಯದರ ಮೇಲೆ ಹೊಸ ಹಾಳೆ ಬಂದು ಕೂತಿದೆ. ಅಚ್ಚಿಗೆ ಹೋದ ನಕ್ಷೆ ಆಮೇಲೆ ಅವರ ಮಗ ಕ್ರಿಸ್ಟೋಫರ್ ಬರೆದದ್ದು.

ನನ್ನ ಕಥೆ ಒಬ್ಬ ಅಣ್ಣ ಮತ್ತು ತಂಗಿಯದ್ದು. ಕಡಲ ದಂಡೆಯಿಂದ ಉಪ್ಪು ಹೊತ್ತ ಎತ್ತುಗಳ ತಂಡದ ಜೊತೆ ಘಟ್ಟ ಹತ್ತಿ, ಬಯಲು ಸೀಮೆಯ ಒಂದು ಕೋಟೆಗೆ ಹೋಗುತ್ತಾರೆ. ನಾನು ಗ್ರಾಫ್ ಹಾಳೆ ತಂದೆ. ಒಂದು ಚೌಕಕ್ಕೆ ಒಂದು ಹರದಾರಿ, ಅಂದರೆ ಸುಮಾರು ಮೂರು ಮೈಲಿ, ಎಂದು ಇಟ್ಟುಕೊಂಡೆ. ಹೇರು ಹೊತ್ತ ಎತ್ತು ಬಯಲಿನಲ್ಲಿ ದಿನಕ್ಕೆ ಮೂರರಿಂದ ನಾಲ್ಕು ಹರದಾರಿ ಹೋಗುತ್ತದೆ, ಘಟ್ಟದಲ್ಲಿ ಅದರ ಅರ್ಧ ಎಂದು ನಿಯಮ ಮಾಡಿಕೊಂಡೆ. ಈ ನಿಯಮವನ್ನು ಎಲ್ಲೂ ಮುರಿಯಲಿಲ್ಲ. ನದಿಗೆ ಮೊದಲು ಹುಟ್ಟುವ ಜಾಗ ಕೊಟ್ಟೆ, ಆಮೇಲೆ ಹರಿವು ಕೊಟ್ಟೆ. ದಾಟುವ ಕಡವು ಎಲ್ಲಿದೆ, ಎತ್ತಿಗೆ ನೀರು ಎಲ್ಲಿ ಸಿಗುತ್ತದೆ, ರಾತ್ರಿ ಎಲ್ಲಿ ಬೀಡು ಬಿಡಬೇಕು, ಎಲ್ಲವೂ ಅಲ್ಲಿಂದಲೇ ಹುಟ್ಟಿಕೊಂಡವು. ಕಳ್ಳರು ಬರುವ ಅಧ್ಯಾಯ ಯಾವ ಊರಲ್ಲಿ ನಡೆಯಬೇಕು ಎಂದು ನಾನು ಯೋಚಿಸಬೇಕಾಗಲೇ ಇಲ್ಲ. ಘಟ್ಟದ ಎರಡನೇ ದಿನದ ಸಂಜೆ ಹತ್ತಿರದಲ್ಲಿ ಊರೇ ಇಲ್ಲ ಎಂದು ನಕ್ಷೆಯೇ ಹೇಳಿತು.

ನನಗೆ ಬಹಳ ಇಷ್ಟವಾದದ್ದು ಚಂದ್ರನ ಕೆಲಸ. 1944ರ ಮೇ ತಿಂಗಳಲ್ಲಿ ಕ್ರಿಸ್ಟೋಫರ್ ವಾಯುಪಡೆಯ ತರಬೇತಿಗೆ ದಕ್ಷಿಣ ಆಫ್ರಿಕಾದಲ್ಲಿದ್ದರು. ಟೋಲ್ಕಿನ್ ಮಗನಿಗೆ ಬರೆದ ಪತ್ರದಲ್ಲಿ ಚಂದ್ರ ಕಾಟ ಕೊಡುತ್ತಿದ್ದಾನೆ ಎಂದು ಹೇಳುತ್ತಾರೆ. ಕಥೆಯ ಒಂದು ಕಡೆ ಹುಟ್ಟುತ್ತಿದ್ದಾನೆ, ಅದೇ ಹೊತ್ತಿಗೆ ಇನ್ನೊಂದು ಕಡೆ ಮುಳುಗುತ್ತಿದ್ದಾನೆ! ಹಿಂದಿನ ಅಧ್ಯಾಯಗಳನ್ನು ತಿದ್ದುವುದರಲ್ಲೇ ಒಂದು ಮಧ್ಯಾಹ್ನ ಹೋಯಿತಂತೆ. ಆಮೇಲೆ 1942ರ ನಿಜವಾದ ಚಂದ್ರನನ್ನೇ ಕಥೆಗೆ ಅಳತೆಯಾಗಿ ಇಟ್ಟುಕೊಂಡರು. ಯಾವ ಓದುಗ ಇದನ್ನೆಲ್ಲ ನೋಡುತ್ತಾನೆ ಅನ್ನಿಸಬಹುದು. ಆದರೆ ಅದರ ಫಲ ಪುಸ್ತಕದಲ್ಲೇ ಇದೆ. ಪಿಪ್ಪಿನ್ ಎಂಬ ಪಾತ್ರ ಕುದುರೆಯ ಮೇಲೆ ಓಡುತ್ತಾ ಚಂದ್ರೋದಯ ನೋಡುತ್ತಾನೆ, ಬೇರೆ ದಾರಿ ಹಿಡಿದ ಗೆಳೆಯ, ಕಥೆಯ ನಾಯಕ ಫ್ರೋಡೋ ಎಲ್ಲಿದ್ದಾನೋ, ಬದುಕಿದ್ದಾನೋ ಎಂದು ಯೋಚಿಸುತ್ತಾನೆ. ಅದೇ ಚಂದ್ರ ಮುಳುಗುವುದನ್ನು ಬೆಳಗಾಗುವ ಮೊದಲು ಫ್ರೋಡೋ ದೂರದಲ್ಲಿ ನಿಂತು ನೋಡಿದ ಎಂದು ಟೋಲ್ಕಿನ್ ಒಂದೇ ಸಾಲಿನಲ್ಲಿ ಹೇಳಿಬಿಡುತ್ತಾರೆ. ಫ್ರೋಡೋ ನೋಡಿದ್ದು ಹಿಂದಿನ ಭಾಗದಲ್ಲೇ ಬಂದುಹೋಗಿದೆ. ಎರಡು ಪುಸ್ತಕಗಳ ನಡುವೆ ದಾರ ಕಟ್ಟಿದ್ದು ಆ ಚಂದ್ರ. ಲೆಕ್ಕ ತಪ್ಪಿದ್ದರೆ ಆ ಸಾಲು ಬರೆಯಲು ಆಗುತ್ತಿರಲಿಲ್ಲ, ಅಲ್ವಾ?

ಈ ವಿಷಯದಲ್ಲಿ ನಮಗೆ ದೊಡ್ಡ ಅನುಕೂಲ ಇದೆ. ತಿಥಿ ಗೊತ್ತಾದರೆ ಚಂದ್ರ ಗೊತ್ತಾದ ಹಾಗೆ. ನಾನು ಹಳೆಯ ವರ್ಷದ ಒಂದು ಪಂಚಾಂಗ ತೆಗೆದುಕೊಂಡೆ. ಮಳೆ ಪೂರ್ತಿ ನಿಂತು ಘಟ್ಟದ ದಾರಿ ಒಣಗಿರಬೇಕು, ಹಾಗಾಗಿ ಕಥೆ ಮಾರ್ಗಶಿರ ಶುದ್ಧ ಬಿದಿಗೆಗೆ ಹೊರಡುತ್ತದೆ. ಆ ಸಂಜೆ ಕಡಲ ಮೇಲೆ ಸಣ್ಣ ಬಿದಿಗೆ ಚಂದ್ರ ಕಂಡು ಬೇಗ ಮುಳುಗುತ್ತಾನೆ. ಶುದ್ಧ ಅಷ್ಟಮಿಗೆ ಅವನು ಕತ್ತಲಾಗುವಾಗಲೇ ನೆತ್ತಿಯ ಹತ್ತಿರ ಇರುತ್ತಾನೆ, ನಡುರಾತ್ರಿಗೆ ಮುಳುಗುತ್ತಾನೆ. ಹುಣ್ಣಿಮೆಗೆ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟುತ್ತಾನೆ, ಆಮೇಲೆ ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ತಡ. ಬಹುಳ ಅಷ್ಟಮಿಗೆ ನಡುರಾತ್ರಿ ಬರುತ್ತಾನೆ. ನಡಿಗೆಯ ಲೆಕ್ಕದಲ್ಲಿ ಮಕ್ಕಳು ಕೋಟೆ ತಲುಪುವುದು ಅದೇ ಬಹುಳ ಅಷ್ಟಮಿಗೆ. ಹಾಗಾಗಿ ಕೋಟೆಯೊಳಗೆ ನುಸುಳುವ ಅಧ್ಯಾಯ ತಾನಾಗಿ ಎರಡು ಭಾಗವಾಯಿತು. ಮೊದಲರ್ಧ ಪೂರ್ತಿ ಕತ್ತಲು, ಕೈಯಲ್ಲಿ ಗೋಡೆ ಸವರಿಕೊಂಡು ಹೋಗುವುದು. ತಂಗಿ ಬುರುಜಿನ ಮೇಲೆ ಕಾಲಿಡುವ ಹೊತ್ತಿಗೆ ಅರ್ಧ ಚಂದ್ರ ಎದ್ದು ಅವಳ ನೆರಳು ಅಂಗಳಕ್ಕೆ ಬೀಳುತ್ತದೆ. ಕಾವಲುಗಾರ ನೋಡುವುದು ಆ ನೆರಳನ್ನು. ಸುಮ್ನೆ ಕೂತು ಯೋಚಿಸಿದ್ದರೆ ಈ ದೃಶ್ಯ ನನಗೆ ಹೊಳೆಯುತ್ತಲೇ ಇರಲಿಲ್ಲ.

ಕಥೆಯಲ್ಲಿ ಪಯಣಿಗರ ಗುಂಪು ಒಡೆದ ಮೇಲೆ ಟೋಲ್ಕಿನ್ ದೊಡ್ಡ ಹಾಳೆಯಲ್ಲಿ ಕಾಲಂ ಹಾಕಿಕೊಂಡರು. ಎಡಕ್ಕೆ ತಾರೀಖು, ಪಕ್ಕದಲ್ಲಿ ಯಾರು ಯಾರು ಎಲ್ಲಿದ್ದಾರೆ. ನನ್ನದರಲ್ಲಿ ಮೂರು ಕಾಲಂ ಸಾಕಾಯಿತು: ಮಕ್ಕಳು, ಉಪ್ಪಿನ ತಂಡ, ಕೋಟೆಯವರು. ತಾರೀಖಿನ ಜಾಗದಲ್ಲಿ ತಿಥಿ. ಸುದ್ದಿ ಒಂದು ಗುಂಪಿನಿಂದ ಇನ್ನೊಂದಕ್ಕೆ ತಲುಪಲು ಎಷ್ಟು ದಿನ ಬೇಕು ಅನ್ನುವುದು ಇದರಲ್ಲಿ ಕಣ್ಣಿಗೆ ಕಾಣುತ್ತದೆ.

ಹೆಸರುಗಳ ವಿಷಯ ಬೇಗ ಹೇಳುತ್ತೇನೆ. ಟೋಲ್ಕಿನ್‌ಗೆ ಭಾಷೆಯೇ ಮೊದಲು, ಕಥೆ ಆಮೇಲೆ. ತಮ್ಮ ಕಥೆಯ ಎಲ್ಫ್ ಜನರಿಗೆ ಫಿನ್ನಿಶ್ ಭಾಷೆಯ ಸೊಗಸಿಗೆ ಮರುಳಾಗಿ ಕ್ವೆನ್ಯಾ ಎಂಬ ಭಾಷೆ ಕಟ್ಟಿದರು, ವೆಲ್ಶ್ ಕೇಳಿಸಿಕೊಂಡು ಸಿಂಡರಿನ್ ಎಂಬ ಭಾಷೆ ಕಟ್ಟಿದರು. ಅವರ ಕಥೆಯ ಕುಳ್ಳರ ಹೆಸರುಗಳು, ಮಾಂತ್ರಿಕನ ಗ್ಯಾಂಡಾಲ್ಫ್ ಅನ್ನುವ ಹೆಸರು ಕೂಡ, ಹಳೆಯ ನಾರ್ಸ್ ಕಾವ್ಯದಿಂದ ಬಂದವು. ಅಷ್ಟು ವಿದ್ಯೆ ನನ್ನಲ್ಲಿಲ್ಲ, ಆದರೆ ಒಂದು ಪ್ರದೇಶದ ಹೆಸರುಗಳೆಲ್ಲ ಒಂದೇ ಮನೆಯವರ ಹಾಗೆ ಕೇಳಬೇಕು ಅನ್ನುವುದನ್ನು ಪಾಲಿಸಿದೆ. ಘಟ್ಟದ ಊರುಗಳೆಲ್ಲ ಸರ, ಗದ್ದೆ, ಕೊಪ್ಪ ಎಂದು ಮುಗಿಯುತ್ತವೆ. ಬಯಲಿನವು ಗೆರೆ, ಹಳ್ಳಿ. ಊರಿನ ಹೆಸರು ಕೇಳಿದರೆ ಸಾಕು, ಘಟ್ಟ ಇಳಿದಾಯಿತು ಎಂದು ಮಕ್ಕಳಿಗೆ ತಿಳಿಯುತ್ತದೆ.

ತಿದ್ದುವ ಕೆಲಸದಲ್ಲಿ ಅವರ ತಾಳ್ಮೆ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. 'ಹಾಬಿಟ್' ಬಂದದ್ದು 1937ರ ಸೆಪ್ಟೆಂಬರ್ 21ಕ್ಕೆ. ಪ್ರಕಾಶಕರ ಹತ್ತು ವರ್ಷದ ಮಗ ರೇನರ್ ಅನ್‌ವಿನ್ ಓದಿ ಚೆನ್ನಾಗಿದೆ ಎಂದು ಬರೆದುಕೊಟ್ಟಿದ್ದ, ಅದಕ್ಕೆ ಒಂದು ಶಿಲಿಂಗ್ ಸಂಬಳ. ಪ್ರಕಾಶಕರು ಮುಂದಿನ ಕಥೆ ಬೇಕು ಎಂದಾಗ ಅದೇ ಡಿಸೆಂಬರ್‌ನಲ್ಲಿ ಟೋಲ್ಕಿನ್ 'ಲಾರ್ಡ್ ಆಫ್ ದಿ ರಿಂಗ್ಸ್' ಬರೆಯಲು ಕೂತರು. ಅಚ್ಚಾಗಿ ಬಂದದ್ದು 1954 ಮತ್ತು 1955ರಲ್ಲಿ, ಮೂರು ಸಂಪುಟಗಳಾಗಿ. ನಡುವೆ ಮೋರಿಯಾ ಎಂಬ ಗಣಿಯಲ್ಲಿ, ಬಾಲಿನ್ ಎಂಬ ಕುಳ್ಳನ ಸಮಾಧಿಯ ಹತ್ತಿರ ಕಥೆ ನಿಂತುಬಿಟ್ಟಿತು, ಸುಮಾರು ಒಂದು ವರ್ಷ ಮುಂದೆ ಹೋಗಲಿಲ್ಲ. ಮೊದಲ ಕರಡುಗಳಲ್ಲಿ ಫ್ರೋಡೋ ಹೆಸರು ಬಿಂಗೋ. ಕೊನೆಗೆ ರಾಜನಾಗುವ ಸ್ಟ್ರೈಡರ್ ಎಂಬ ಮನುಷ್ಯ ಆಗ ಟ್ರಾಟರ್ ಎಂಬ ಹಾಬಿಟ್, ಅಂದರೆ ಫ್ರೋಡೋನ ಹಾಗೇ ಪುಟ್ಟ ಜನರಲ್ಲಿ ಒಬ್ಬ, ಕಾಲಿಗೆ ಮರದ ಪಾದರಕ್ಷೆ! ಹೋಟೆಲಿನ ಮೂಲೆಯಲ್ಲಿ ಅವನು ಕೂತಿದ್ದಾಗ ಅವನು ಯಾರು ಎಂದು ನನಗೂ ಗೊತ್ತಿರಲಿಲ್ಲ ಎಂದು ಟೋಲ್ಕಿನ್ ಆಮೇಲೆ ಬರೆದರು. ಟೈಪ್ ಮಾಡಿಸಲು ದುಡ್ಡಿಲ್ಲದೆ ಅಷ್ಟನ್ನೂ ತಾವೇ ಟೈಪ್ ಮಾಡಿದರು.

ನಾನು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಬಲಗಡೆ ಪುಟದಲ್ಲಿ ಮಾತ್ರ. ಎಡಗಡೆ ಪುಟ ತಿದ್ದುಪಡಿಗೆ ಖಾಲಿ. ಒಂದು ಅಧ್ಯಾಯ ಮುಗಿದ ಕೂಡಲೇ ತಿಥಿ, ದೂರ, ಚಂದ್ರ ಮೂರನ್ನೂ ಕಾಲಂ ಜೊತೆ ತಾಳೆ ನೋಡುತ್ತೇನೆ. ಆಮೇಲೆ ಗಟ್ಟಿಯಾಗಿ ಓದುವುದು. ಟೋಲ್ಕಿನ್ ಅಧ್ಯಾಯಗಳನ್ನು ಲೇಖಕ ಸಿ.ಎಸ್. ಲೂಯಿಸ್ ಮತ್ತು ಗೆಳೆಯರ ಮುಂದೆ ಗುರುವಾರ ರಾತ್ರಿ ಓದುತ್ತಿದ್ದರು. ನಾನು ಭಾನುವಾರ ನಮ್ಮ ಬೀದಿಯ ಮಕ್ಕಳಿಗೆ ಓದುತ್ತೇನೆ, ಅವರು ಅತ್ತಿತ್ತ ನೋಡಿದ ಜಾಗಕ್ಕೆ ಗುರುತು ಹಾಕುತ್ತೇನೆ. ನಕ್ಷೆಯನ್ನು ಗೋಡೆಗೆ ಅಂಟಿಸಿದ ಮೇಲೆ ಅವರೇ ಬೆರಳಿಟ್ಟು ದಾರಿ ಹಿಡಿದು ಹೋಗತೊಡಗಿದರು.

ಇದೇ ರೀತಿ ಬರೆಯಬೇಕು ಎನ್ನುವವರಿಗೆ ಎಲ್ಲಿಂದ ಶುರು ಮಾಡಬೇಕು ಎಂದೂ ಹೇಳಿಬಿಡುತ್ತೇನೆ. 1981ರಲ್ಲಿ ಬಂದ ಅವರ ಪತ್ರಗಳ ಸಂಕಲನ ಮೊದಲು. ಆಮೇಲೆ ಕ್ರಿಸ್ಟೋಫರ್ 1983ರಿಂದ 1996ರವರೆಗೆ ಹೊರತಂದ 12 ಸಂಪುಟಗಳ ಕರಡುಗಳು. ಹನ್ನೆರಡನ್ನೂ ಓದಬೇಕಿಲ್ಲ. ಟ್ರಾಟರ್ ಹೇಗೆ ಹುಟ್ಟಿದ ಎಂದು ನೋಡಲು 6ನೇದು, ಅಂಟಿಸಿದ ಹಾಳೆಗಳ ನಕ್ಷೆ ನೋಡಲು 7ನೇದು. ಅದರ ಜೊತೆಗೆ ಒಂದು ಕಟ್ಟು ಗ್ರಾಫ್ ಹಾಳೆ ಮತ್ತು ಯಾವುದಾದರೂ ಹಳೆಯ ಪಂಚಾಂಗ.