ವಾಟರ್ ಪಂಪಿನ ಸಣ್ಣ ತೂತು

ನನ್ನ ಡೀಸೆಲ್ ಕಾರಿಗೆ ಈಗ 18 ವರ್ಷ. ಉಡುಪಿಯಿಂದ ಆಗುಂಬೆಗೆ ಹೊರಟಾಗ, ಸೋಮೇಶ್ವರ ದಾಟಿ ಮೂರನೇ ತಿರುವಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಬದಿಗೆ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆವು. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು, ಕುದಿನೀರು ಮುಖಕ್ಕೆ ಹಾರುತ್ತದೆ.

ಎಲ್ಲೋ ನೀರು ಸೋರುತ್ತಿತ್ತು. ಮೊದಲು ರೇಡಿಯೇಟರ್ ಹೋಸ್‌ಗಳ ಮೇಲೆ ಅನುಮಾನ ಬಂದು ಎರಡೂ ಬದಲಿಸಿದೆ. ಆದರೂ ಬೆಳಗ್ಗೆ ಅಂಗಳದಲ್ಲಿ ಮತ್ತೆ ಹನಿ. ಕೊನೆಗೆ ಮಣಿಪಾಲದ ಮೆಕ್ಯಾನಿಕ್ ಒಬ್ಬರು ಟಾರ್ಚ್ ಬಿಟ್ಟು, "ಇಲ್ಲಿ ನೋಡಿ ಮಾರಾಯ್ರೆ" ಎಂದರು. ಇಂಜಿನ್ ತಂಪಿಡುವ ದ್ರವವನ್ನು (ಕೂಲಂಟ್) ಸುತ್ತಿಸುವ ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು, ಅದರ ಸುತ್ತ ಒಣಗಿದ ಕೂಲಂಟಿನ ಕಲೆ. ಅದು ಒಡೆದದ್ದಲ್ಲ, ಪಂಪಿನಲ್ಲಿ ಬೇಕೆಂದೇ ಬಿಟ್ಟ ತೂತು; ಒಳಗಿನ ಸೀಲ್ ಸವೆದರೆ ಅಲ್ಲಿಂದಲೇ ಸೋರುವುದು. ಆ ತೂತನ್ನು ಮುಚ್ಚಬಾರದು, ಪಂಪನ್ನೇ ಬದಲಿಸಬೇಕು. ಪಂಪಿನ ಪುಲ್ಲಿ (ಬೆಲ್ಟ್ ಸುತ್ತುವ ಚಕ್ರ) ಹಿಡಿದು ಅಲ್ಲಾಡಿಸಿದರೆ ಕಟಕಟ ಸದ್ದು. ಬೇರಿಂಗೂ ಹೋಗಿತ್ತು.

ಹೇಗೂ ಬಿಚ್ಚಿದ್ದೇವೆ ಅಲ್ವಾ, ಗ್ಯಾಸ್ಕೆಟ್, ಥರ್ಮೋಸ್ಟಾಟ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಮುಚ್ಚಳ ಎಲ್ಲ ಹೊಸದು ಹಾಕಿಸಿದೆ. ಹಳೆ ನೀರು ತುಕ್ಕು ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷದಿಂದ ರೇಡಿಯೇಟರಿನಲ್ಲಿ ನೀರು ಕಡಿಮೆಯಾದಾಗಲೆಲ್ಲ ಸುಮ್ನೆ ಬಾವಿ ನೀರು ಸುರಿದದ್ದು ನನ್ನದೇ ತಪ್ಪು. ಈಗ ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ. ಹೀಟರ್ ಹಾಕಿ, ಗಾಳಿಗುಳ್ಳೆ ನಿಲ್ಲುವವರೆಗೆ ಇಂಜಿನ್ ಓಡಿಸಿದೆವು.

ಕಳೆದ ಭಾನುವಾರ ಆಗುಂಬೆ ಘಾಟಿಯ 14 ತಿರುವೂ ಹತ್ತಿದೆವು. ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ.